ಕಲಬುರಗಿಯ ಮೇ ತಿಂಗಳಲ್ಲಿ 60 ಫ್ರೇಮ್: ಹೋಲಿಕೆ ವಿಡಿಯೋದ ಯಾವ ಅಂಕಿ ನಮ್ಮ ಮನೆವರೆಗೆ ಬರುತ್ತದೆ?

ಪರದೆಯನ್ನು ಎರಡು ಹೋಳು ಮಾಡಿರುತ್ತಾರೆ. ಎಡಗಡೆ ಟಿವಿಗೆ ಹಚ್ಚಿ ಆಡುವ ಸೋನಿಯ ಕನ್ಸೋಲ್ ಪಿಎಸ್5, ಬಲಗಡೆ ಪಿಸಿ. ಆಟ ಒಂದೇ, ದೃಶ್ಯ ಒಂದೇ. ಮೂಲೆಯಲ್ಲಿ ಫ್ರೇಮ್ ರೇಟ್‌ನ ಅಂಕಿ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತಿವೆ ಅನ್ನುವ ಲೆಕ್ಕ, ಏರಿಳಿಯುತ್ತಿರುತ್ತದೆ. ಇಂಥ ವಿಡಿಯೋ ನೋಡಿಕೊಂಡು ಐವತ್ತು ಸಾವಿರದ ಕನ್ಸೋಲೋ ಲಕ್ಷದ ಲ್ಯಾಪ್‌ಟಾಪೋ ಅಂತ ತಲೆ ಕೆಡಿಸಿಕೊಂಡವರು ಕಲಬುರಗಿ, ಬೀದರ್, ಯಾದಗಿರಿಯಲ್ಲೂ ಬೇಕಾದಷ್ಟಿದ್ದಾರೆ. ಹೆಚ್ಚಿನವರು ಆ ವಿಡಿಯೋ ನೋಡುವುದು ಮೊಬೈಲ್‌ನಲ್ಲಿ. ಅದೂ ಡೇಟಾ ಉಳಿಯಲಿ ಅಂತ 480ಪಿಗೆ ಇಳಿಸಿಕೊಂಡು.

ಎಡವಟ್ಟು ಶುರುವಾಗುವುದೇ ಇಲ್ಲಿ. ಯೂಟ್ಯೂಬ್ 60 ಫ್ರೇಮ್‌ನ ವಿಡಿಯೋ ಕೊಡುವುದು 720ಪಿ ಮತ್ತು ಅದರ ಮೇಲೆ ಮಾತ್ರ. 480ಪಿಗೆ ಇಳಿಸಿದ ಕೂಡಲೇ ವಿಡಿಯೋ 30 ಫ್ರೇಮ್‌ಗೆ ಇಳಿಯುತ್ತದೆ. ಅಂದರೆ 30ಕ್ಕೂ 60ಕ್ಕೂ ಇರುವ ವ್ಯತ್ಯಾಸ ತೋರಿಸೋಕೆಂದೇ ಮಾಡಿದ ವಿಡಿಯೋದಲ್ಲಿ ಎರಡೂ ಕಡೆ 30 ಓಡುತ್ತಿರುತ್ತದೆ. "ಎರಡೂ ಒಂದೇ ಥರ ಕಾಣ್ಲತಾವ" ಅಂತ ಹೇಳುವವರ ಕಣ್ಣಿನಲ್ಲಿ ದೋಷವೇನಿಲ್ಲ. ಅವರ ಫೋನಿನಲ್ಲಿ ನಿಜವಾಗಿಯೂ ಎರಡೂ ಒಂದೇ.

ಹೋಲಿಕೆ ಮಾಡುವವರು ಸುಳ್ಳು ಹೇಳುತ್ತಾರೆ ಅಂತಲ್ಲ. ಡಿಜಿಟಲ್ ಫೌಂಡ್ರಿಯಂಥ ತಂಡಗಳು ಈ ಕೆಲಸವನ್ನು ಶಿಸ್ತಾಗಿ ಮಾಡುತ್ತವೆ. ಕನ್ಸೋಲ್‌ನಿಂದ ಹೊರಬರುವ ಚಿತ್ರವನ್ನು ಕ್ಯಾಪ್ಚರ್ ಕಾರ್ಡ್‌ನಲ್ಲಿ ಹಿಡಿಯುತ್ತಾರೆ. ಯಾವ ಫ್ರೇಮ್ ಹೊಸದು, ಯಾವುದು ಹಳೆಯದೇ ಮತ್ತೆ ಬಂದಿದೆ ಅಂತ ಒಂದೊಂದಾಗಿ ಎಣಿಸುತ್ತಾರೆ. ರೆಸಲ್ಯೂಶನ್, ಅಂದರೆ ಚಿತ್ರದಲ್ಲಿ ಎಷ್ಟು ಪಿಕ್ಸೆಲ್ ಇವೆ ಅಂತ, ತಿಳಿಯೋಕೆ ಒಂದು ಓರೆ ಅಂಚನ್ನು ಹುಡುಕುತ್ತಾರೆ. ಅದು ಕರೆಂಟ್ ತಂತಿ ಇರಬಹುದು, ಚಾವಣಿಯ ಅಂಚು ಇರಬಹುದು. ಅದನ್ನು ದೊಡ್ಡದು ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಪಿಕ್ಸೆಲ್‌ಗಳನ್ನು ಲೆಕ್ಕ ಹಾಕುತ್ತಾರೆ. 20 ಪಿಕ್ಸೆಲ್‌ನ ಜಾಗದಲ್ಲಿ 15 ಮೆಟ್ಟಿಲು ಮಾತ್ರ ಸಿಕ್ಕರೆ, ಒಳಗೆ ಬಿಡಿಸಿದ್ದು ಮುಕ್ಕಾಲು ಅಳತೆಯ ಚಿತ್ರ, ಹೊರಗೆ ತೋರಿಸಿದ್ದು ಅದನ್ನೇ ಹಿಗ್ಗಿಸಿದ್ದು ಅಂತ ಅರ್ಥ.

ಅವರ ಲೆಕ್ಕ ಸರಿಯಾಗೇ ಇರುತ್ತದೆ. ಆದರೆ ಆ ಲೆಕ್ಕ ಆಗುವುದು ತಂಪು ದೇಶದ ಕೋಣೆಯಲ್ಲಿ, ದುಬಾರಿ ಟಿವಿಯ ಮೇಲೆ, ಕರೆಂಟ್ ಹೋಗದ ಊರಿನಲ್ಲಿ. ಅಲ್ಲಿ ಸಿಕ್ಕ ಅಂಕಿಗಳಲ್ಲಿ ಕೆಲವು ಊರು ಬದಲಾದರೂ ಬದಲಾಗುವುದಿಲ್ಲ. ಕೆಲವು ದಾರಿಯಲ್ಲೇ ಸೋರಿ ಹೋಗುತ್ತವೆ. ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಅಂತ ಗೊತ್ತಿಲ್ಲದೆ ದುಡ್ಡು ಹಾಕಿದರೆ ಆಮೇಲೆ ಬೇಜಾರಾಗುತ್ತದೆ.

ಒಂದು ಹೆಸರು, ಹಲವು ಆಟ

ಈ ಮಾತಿಗೆ ಸೈಬರ್‌ಪಂಕ್ 2077ಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಪೋಲೆಂಡ್‌ನ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿಯ ಈ ಆಟ ಬಿಡುಗಡೆಯಾದದ್ದು 2020ರ ಡಿಸೆಂಬರ್ 10ರಂದು. ಬಿಡುಗಡೆಗೆ ಮುಂಚೆ ವಿಮರ್ಶಕರ ಕೈಗೆ ಸಿಕ್ಕಿದ್ದು ಪಿಸಿ ಪ್ರತಿ ಮಾತ್ರ. ವಿಮರ್ಶೆಗಳಲ್ಲಿ ಗ್ರಾಫಿಕ್ಸ್‌ಗೆ ಹೊಗಳಿಕೆ ಬಂತು. ಅದನ್ನು ನಂಬಿ ಪಿಎಸ್4ಗೆ ಡಿಸ್ಕ್ ತಂದವರಿಗೆ ಸಿಕ್ಕಿದ್ದು ಬೇರೆಯೇ ಆಟ. ಚಿತ್ರ 720ಪಿಗೂ 900ಪಿಗೂ ನಡುವೆ ಓಲಾಡುತ್ತಿತ್ತು. ಜನಜಂಗುಳಿಯ ಬೀದಿಗೆ ಇಳಿದರೆ ಫ್ರೇಮ್ ರೇಟ್ 20ರ ಕೆಳಗೆ ಜಾರುತ್ತಿತ್ತು. ಪಿಎಸ್4 2013ರ ಯಂತ್ರ. ಅದರ ಪ್ರೊಸೆಸರ್‌ಗೆ ಎಂಟು ಕೋರ್ ಇದ್ದರೂ ವೇಗ 1.6 ಗಿಗಾಹರ್ಟ್ಸ್. ಒಳಗಿದ್ದದ್ದು ತಿರುಗುವ ಹಾರ್ಡ್ ಡಿಸ್ಕ್. ಗಾಡಿ ಓಡಿಸಿಕೊಂಡು ಹೋಗುವ ವೇಗಕ್ಕೆ ಮುಂದಿನ ಬೀದಿಯನ್ನು ಓದಿ ತರೋಕೆ ಅದಕ್ಕೆ ಆಗುತ್ತಿರಲಿಲ್ಲ. ಒಂದು ವಾರ ಕಳೆಯುತ್ತಿದ್ದ ಹಾಗೆ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದ ಆಟವನ್ನೇ ತೆಗೆದುಹಾಕಿತು. ಅದು ಮತ್ತೆ ಬಂದದ್ದು 2021ರ ಜೂನ್‌ನಲ್ಲಿ.

2022ರ ಫೆಬ್ರವರಿಯಲ್ಲಿ ಪಿಎಸ್5, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ಗೆ ಸರಿಯಾದ ಆವೃತ್ತಿ ಬಂತು. ಎರಡು ಮೋಡ್: 60 ಫ್ರೇಮ್‌ನದ್ದೊಂದು, ಬೆಳಕಿನ ಕಿರಣಗಳನ್ನು ಲೆಕ್ಕ ಹಾಕುವ ರೇ ಟ್ರೇಸಿಂಗ್ ಹಚ್ಚಿದ 30 ಫ್ರೇಮ್‌ನದ್ದೊಂದು. ಅಗ್ಗದ ಸೀರೀಸ್ ಎಸ್‌ಗೆ ಆಗ ಸಿಕ್ಕಿದ್ದು 30 ಮಾತ್ರ. ಅದೇ ವರ್ಷ ಸೆಪ್ಟೆಂಬರ್‌ನ 1.6 ಅಪ್‌ಡೇಟ್‌ನಲ್ಲಿ ಸೀರೀಸ್ ಎಸ್‌ಗೂ 60 ಬಂತು, ಆದರೆ 900ಪಿಯ ಆಸುಪಾಸಿನಲ್ಲಿ. ಸೀನ್ ಭಾರವಾದರೆ 800ಪಿಗೆ ಇಳಿಯುತ್ತದೆ, ಹಗುರವಾದರೆ 1080ಪಿಗೆ ಏರುತ್ತದೆ. 2023ರ ಏಪ್ರಿಲ್‌ನಲ್ಲಿ ಪಿಸಿಗೆ ಪಾತ್ ಟ್ರೇಸಿಂಗ್ ಮೋಡ್ ಬಂತು. ಬೆಳಕು ಎಲ್ಲೆಲ್ಲಿ ಪುಟಿದು ಬರುತ್ತದೆ ಅಂತ ಇನ್ನೂ ಆಳವಾಗಿ ಲೆಕ್ಕ ಹಾಕುವ ವಿಧಾನ ಅದು. ಆಗಿನ ಅತಿ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 4090 ಕೂಡ ನೇಟಿವ್, ಅಂದರೆ ಹಿಗ್ಗಿಸದ ಪೂರ್ತಿ 4ಕೆಯಲ್ಲಿ 20 ಫ್ರೇಮ್‌ನ ಆಸುಪಾಸಿನಲ್ಲೇ ತೆವಳುತ್ತಿತ್ತು. 2025ರ ಜೂನ್ 5ಕ್ಕೆ ನಿಂಟೆಂಡೊ ಸ್ವಿಚ್ 2 ಬಿಡುಗಡೆಯಾದಾಗ ಇದೇ ಆಟ ಅಂಗೈ ಯಂತ್ರದಲ್ಲೂ ಬಂತು, 30 ಮತ್ತು 40 ಫ್ರೇಮ್‌ನ ಎರಡು ಮೋಡ್‌ನಲ್ಲಿ.

ಹಾಗಾಗಿ "ಸೈಬರ್‌ಪಂಕ್ ಹೆಂಗ್ ಕಾಣ್ತದ?" ಅನ್ನುವ ಪ್ರಶ್ನೆಗೆ ಒಂದು ಉತ್ತರ ಇಲ್ಲ. ಯಾವ ಯಂತ್ರ, ಯಾವ ಮೋಡ್, ಯಾವ ತಾರೀಖಿನ ಆವೃತ್ತಿ ಅಂತ ಕೇಳಬೇಕು. 2020ರ ಡಿಸೆಂಬರ್‌ನ ಹೋಲಿಕೆ ವಿಡಿಯೋ ಈಗಲೂ ಯೂಟ್ಯೂಬ್‌ನಲ್ಲಿ ಲಕ್ಷಗಟ್ಟಲೆ ವೀಕ್ಷಣೆ ಇಟ್ಟುಕೊಂಡು ಕೂತಿರುತ್ತದೆ. ಅದರಲ್ಲಿರುವ ಆಟ ಈಗ ಅಂಗಡಿಯಲ್ಲಿ ಸಿಗುವುದೇ ಇಲ್ಲ. ವಿಡಿಯೋ ಕೆಳಗಿನ ತಾರೀಖು ನೋಡದೆ ಅದರ ಅಂಕಿ ನಂಬಬೇಡಿ.

60 ಅಂದರೆ ಎಷ್ಟು ಹೊತ್ತು

ಫ್ರೇಮ್ ರೇಟ್‌ಗಿಂತ ಫ್ರೇಮ್ ಟೈಮ್ ನೋಡುವುದು ಒಳ್ಳೆಯದು. 30 ಫ್ರೇಮ್ ಅಂದರೆ ಒಂದೊಂದು ಚಿತ್ರ ಬಿಡಿಸೋಕೆ 33.3 ಮಿಲಿಸೆಕೆಂಡ್. 60 ಅಂದರೆ 16.7. ಇವೆರಡರ ಸರಿ ಮಧ್ಯದ ಸಮಯ 25 ಮಿಲಿಸೆಕೆಂಡ್, ಅಂದರೆ 40 ಫ್ರೇಮ್. ಎಣಿಕೆಯಲ್ಲಿ 30ಕ್ಕೆ 10 ಮಾತ್ರ ಸೇರಿದೆ. ಸಮಯದಲ್ಲಿ ಮಾತ್ರ ಅದು ಸರಿಯಾಗಿ ಅರ್ಧ ದಾರಿ. ಅದಕ್ಕೇ 40 ಫ್ರೇಮ್ ಮೋಡ್ ಆಡಿದವರು "ಇದು ಬೇರೆನೇ ಐತಿ" ಅನ್ನುತ್ತಾರೆ.

ಆದರೆ ಅದಕ್ಕೊಂದು ಷರತ್ತು ಇದೆ. 120 ಹರ್ಟ್ಸ್, ಅಂದರೆ ಸೆಕೆಂಡಿಗೆ 120 ಬಾರಿ ಚಿತ್ರ ತೋರಿಸುವ ಟಿವಿ ಇದ್ದರೆ ಪ್ರತಿ ಫ್ರೇಮ್ ಮೂರು ಬಾರಿ ತೋರಿಸಿದರೆ ಲೆಕ್ಕ ಸರಿಹೋಗುತ್ತದೆ. 60 ಹರ್ಟ್ಸ್ ಟಿವಿಯಲ್ಲಿ 40 ಸಮನಾಗಿ ಕೂರುವುದಿಲ್ಲ. ಒಂದು ಫ್ರೇಮ್ ಒಂದು ಬಾರಿ, ಮುಂದಿನದು ಎರಡು ಬಾರಿ. ಚಿತ್ರ ಕುಂಟಿದಂತೆ ಕಾಣುತ್ತದೆ. ನಮ್ಮ ಕಡೆ ದೀಪಾವಳಿ ಆಫರ್‌ನಲ್ಲಿ ಬಿಕರಿಯಾಗುವ 43 ಇಂಚಿನ ಟಿವಿಗಳಲ್ಲಿ ಬಹುಪಾಲು 60 ಹರ್ಟ್ಸ್‌ನವು. ಹೋಲಿಕೆ ವಿಡಿಯೋದ 40 ಅವುಗಳಲ್ಲಿ ಇಳಿಯುವುದಿಲ್ಲ.

ಇನ್ನೊಂದು ಮೋಸ ಸರಾಸರಿಯದ್ದು. ಒಂದು ಸೆಕೆಂಡ್ ತಗೊಳ್ಳಿ. ಮೊದಲ ಅರ್ಧದಲ್ಲಿ 40 ಫ್ರೇಮ್ ಬಂತು, ಉಳಿದರ್ಧದಲ್ಲಿ 20. ಸರಾಸರಿ 60 ಅಂತಲೇ ಬರುತ್ತದೆ, ಕೈಗೆ ಮಾತ್ರ ಎಳೆದಾಡಿದ ಹಾಗೆ ಅನ್ನಿಸುತ್ತದೆ. ಒಳ್ಳೆಯ ಹೋಲಿಕೆಯಲ್ಲಿ ಫ್ರೇಮ್ ಟೈಮ್‌ನ ಗೆರೆ ಇರುತ್ತದೆ. ಗೆರೆ ಚಪ್ಪಟೆಯಾಗಿದ್ದರೆ ಆಟ ಹಿತ. ಮುಳ್ಳು ಮುಳ್ಳಾಗಿದ್ದರೆ ಸರಾಸರಿ ಎಷ್ಟಿದ್ದರೂ ಬೇಡ.

ಪಿಸಿಯಲ್ಲಿ ಈ ಮುಳ್ಳು ಜಾಸ್ತಿ. ಕಾರಣ ಶೇಡರ್. ಬೆಳಕು, ನೆರಳು, ನೀರು, ಹೊಗೆ ಇವೆಲ್ಲ ಹೇಗೆ ಕಾಣಬೇಕು ಅಂತ ಗ್ರಾಫಿಕ್ಸ್ ಚಿಪ್‌ಗೆ ಹೇಳುವ ಸಣ್ಣ ಸಣ್ಣ ಪ್ರೋಗ್ರಾಂಗಳಿವು. ಪ್ರತಿ ಚಿಪ್‌ಗೂ ಅದರದೇ ಭಾಷೆಯಲ್ಲಿ ಇವನ್ನು ಸಿದ್ಧ ಮಾಡಬೇಕು. ಎಲ್ಲ ಪಿಎಸ್5ನಲ್ಲೂ ಒಂದೇ ಚಿಪ್, ಹಾಗಾಗಿ ಕಂಪನಿಯವರು ಮೊದಲೇ ಮಾಡಿ ಡಿಸ್ಕ್‌ನಲ್ಲೇ ಕೊಡುತ್ತಾರೆ. ಪಿಸಿಯಲ್ಲಿ ನೂರಾರು ಕಾರ್ಡ್, ನೂರಾರು ಡ್ರೈವರ್. ಆ ಕೆಲಸ ನಿಮ್ಮ ಯಂತ್ರದಲ್ಲೇ ಆಗಬೇಕು. ಕೆಲವು ಆಟಗಳು ಶುರುವಿನಲ್ಲೇ ಇದನ್ನು ಮುಗಿಸುತ್ತವೆ. 2023ರ ಮಾರ್ಚ್‌ನಲ್ಲಿ ಪಿಸಿಗೆ ಬಂದ ದ ಲಾಸ್ಟ್ ಆಫ್ ಅಸ್ ಪಾರ್ಟ್ 1ರಲ್ಲಿ ಜನ ಆಟ ತೆರೆದು ಸುಮ್ನೆ ಕಾಯಬೇಕಾಯಿತು. ಇನ್ನು ಕೆಲವು ಆಡುತ್ತಿರುವಾಗಲೇ ಮಾಡುತ್ತವೆ. 2022ರ ಎಲ್ಡನ್ ರಿಂಗ್ ಹಾಗೆ. ಹೊಸ ಶತ್ರು ಮೊದಲ ಬಾರಿ ಬೆಂಕಿ ಉಗುಳಿದರೆ ಲಕ್ಷ ರೂಪಾಯಿಯ ಪಿಸಿಯೂ ಒಂದು ಕ್ಷಣ ನಿಂತುಬಿಡುತ್ತಿತ್ತು. ಅದೇ ಆಟದ ಪಿಎಸ್4 ಆವೃತ್ತಿಯನ್ನು ಪಿಎಸ್5ನಲ್ಲಿ ಹಾಕಿದರೆ 60 ಫ್ರೇಮ್ ನೀಟಾಗಿ ಬರುತ್ತಿತ್ತು. ದುಬಾರಿಯದ್ದೇ ನುಣುಪು ಅನ್ನುವ ಲೆಕ್ಕ ಇಲ್ಲಿ ಕೆಲಸ ಮಾಡುವುದಿಲ್ಲ.

4ಕೆ ಅಂತ ಬರೆದದ್ದೆಲ್ಲ 4ಕೆ ಅಲ್ಲ

4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್. 1080ಪಿಯಲ್ಲಿ 20 ಲಕ್ಷದ ಮೇಲೆ ಸ್ವಲ್ಪ, ಅಂದರೆ ಸರಿಯಾಗಿ ಕಾಲು ಭಾಗ. ಈಗಿನ ಭಾರದ ಆಟಗಳನ್ನು ಪೂರ್ತಿ 4ಕೆಯಲ್ಲಿ 60 ಫ್ರೇಮ್‌ಗೆ ಬಿಡಿಸುವ ತಾಕತ್ತು ಕನ್ಸೋಲ್‌ಗೆ ಇಲ್ಲ. ಅದಕ್ಕೆ ಒಳಗೆ ಸಣ್ಣ ಚಿತ್ರ ಬಿಡಿಸಿ, ಹಿಂದಿನ ಫ್ರೇಮ್‌ಗಳ ಮಾಹಿತಿ ಸೇರಿಸಿ ಹಿಗ್ಗಿಸುತ್ತಾರೆ. ಎಎಂಡಿಯ ಎಫ್‌ಎಸ್‌ಆರ್, ಎನ್‌ವಿಡಿಯಾದ ಡಿಎಲ್‌ಎಸ್‌ಎಸ್, ಪಿಎಸ್5 ಪ್ರೋದ ಪಿಎಸ್‌ಎಸ್‌ಆರ್ ಎಲ್ಲ ಇದೇ ಜಾತಿಯವು. 2023ರ ಅಲನ್ ವೇಕ್ 2 ಪಿಎಸ್5ನ ಪರ್ಫಾರ್ಮೆನ್ಸ್ ಮೋಡ್‌ನಲ್ಲಿ, ಅಂದರೆ ಸ್ಪಷ್ಟತೆಗಿಂತ ಫ್ರೇಮ್ ರೇಟ್‌ಗೆ ಒತ್ತು ಕೊಡುವ ಮೋಡ್‌ನಲ್ಲಿ, ಒಳಗೆ ಬಿಡಿಸುತ್ತಿದ್ದದ್ದು 847ಪಿ. ಹಳೆಯ ಎಚ್‌ಡಿ ಟಿವಿಯ ಅಳತೆಗಿಂತ ಸ್ವಲ್ಪ ಮೇಲೆ. ಹಾಗಂತ ಅದು ಕೆಟ್ಟದಾಗಿ ಕಾಣುತ್ತಿತ್ತಾ? ಇಲ್ಲ. ಆ ವರ್ಷದ ಚೆಂದದ ಆಟಗಳಲ್ಲಿ ಅದೂ ಒಂದು. ಪಿಕ್ಸೆಲ್ ಎಣಿಕೆಗೂ ಚೆಂದಕ್ಕೂ ನೇರ ಸಂಬಂಧ ಕಡಿಮೆಯಾಗುತ್ತಾ ಬಂದಿದೆ.

ಹಿಗ್ಗಿಸುವುದನ್ನು ನಾನು ಒಪ್ಪುತ್ತೇನೆ. ಹುಟ್ಟಿಸಿದ ಫ್ರೇಮ್‌ಗಳ ವಿಷಯದಲ್ಲಿ ಮಾತ್ರ ಹುಷಾರು. ಫ್ರೇಮ್ ಜನರೇಷನ್ ಅಂದರೆ ನಿಜವಾಗಿ ಬಿಡಿಸಿದ ಎರಡು ಚಿತ್ರಗಳ ನಡುವೆ ಊಹೆಯ ಚಿತ್ರ ತುಂಬುವುದು. 2025ರ ಜನವರಿಯಲ್ಲಿ ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ವೇದಿಕೆ ಮೇಲೆ ನಿಂತು, 549 ಡಾಲರ್‌ನ ಆರ್‌ಟಿಎಕ್ಸ್ 5070 ಹಳೆಯ 4090ರ ಸಾಮರ್ಥ್ಯ ಕೊಡುತ್ತದೆ ಎಂದರು. ಆ ಲೆಕ್ಕದಲ್ಲಿ ಒಂದು ನಿಜ ಫ್ರೇಮ್‌ಗೆ ಮೂರು ಊಹೆಯ ಫ್ರೇಮ್ ಸೇರಿತ್ತು. ಕಣ್ಣಿಗೆ ನುಣುಪು ಜಾಸ್ತಿಯಾಗುತ್ತದೆ, ನಿಜ. ಆದರೆ ಬಟನ್ ಒತ್ತಿದ್ದಕ್ಕೆ ಆಟ ಉತ್ತರ ಕೊಡುವುದು ನಿಜ ಫ್ರೇಮ್‌ನಲ್ಲಿ ಮಾತ್ರ. ನಡುವಿನದನ್ನು ಊಹಿಸಬೇಕಾದರೆ ಮುಂದಿನ ನಿಜ ಫ್ರೇಮ್ ಬರುವ ತನಕ ಕಾಯಲೇಬೇಕು. ಹಾಗಾಗಿ 30ರಿಂದ 120 ಮಾಡಿದರೆ ಕಣ್ಣಿಗೆ 120, ಕೈಗೆ 30ಕ್ಕಿಂತ ತುಸು ಕೆಟ್ಟದ್ದು. ಹೋಲಿಕೆಯ ಪಟ್ಟಿಯಲ್ಲಿ ಪಿಸಿಯ ಕಂಬ ಆಕಾಶಕ್ಕೆ ಮುಟ್ಟಿದ್ದರೆ ಮೊದಲು ಇದನ್ನೇ ಕೇಳಿ.

ಬಿಸಿಲು ಬಂದ ಮೇಲೆ

ಈಗ ನಮ್ಮೂರಿನ ವಿಷಯ. ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯಲ್ಲಿ 42, 43 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಬೀದರ್ ಎತ್ತರದಲ್ಲಿದೆ, ಸ್ವಲ್ಪ ವಾಸಿ. ಆರ್‌ಸಿಸಿ ಚಾವಣಿಯ ಮೇಲಂತಸ್ತಿನ ಕೋಣೆಯಾದರೆ ರಾತ್ರಿ ಹತ್ತಕ್ಕೂ ಗೋಡೆ ಬೆಚ್ಚಗಿರುತ್ತದೆ. ಪಿಎಸ್5ನ ಕೈಪಿಡಿಯಲ್ಲಿ ಯಂತ್ರ ಕೆಲಸ ಮಾಡುವ ಉಷ್ಣಾಂಶ 5ರಿಂದ 35 ಡಿಗ್ರಿ ಅಂತ ಬರೆದಿದೆ. ವರ್ಷದಲ್ಲಿ ಎರಡು ಮೂರು ತಿಂಗಳು ನಮ್ಮ ಮನೆಗಳು ಕೈಪಿಡಿಯ ಹೊರಗಿರುತ್ತವೆ.

ಬಿಸಿಗೆ ಕನ್ಸೋಲ್ ನಡೆದುಕೊಳ್ಳುವ ರೀತಿ ಬೇರೆ, ಲ್ಯಾಪ್‌ಟಾಪ್ ನಡೆದುಕೊಳ್ಳುವ ರೀತಿ ಬೇರೆ. ಈ ವಿಷಯ ಹೋಲಿಕೆ ವಿಡಿಯೋಗಳಲ್ಲಿ ಹೆಚ್ಚಾಗಿ ಬರುವುದಿಲ್ಲ.

2020ರ ಮಾರ್ಚ್‌ನಲ್ಲಿ ಪಿಎಸ್5ನ ಮುಖ್ಯ ವಿನ್ಯಾಸಕ ಮಾರ್ಕ್ ಸರ್ನಿ ಯಂತ್ರದ ಒಳಗನ್ನು ವಿವರಿಸಿದ್ದರು. ಅದರ ಚಿಪ್‌ನ ವೇಗ ಏರಿಳಿಯುತ್ತದೆ, ಗ್ರಾಫಿಕ್ಸ್ ಭಾಗ ಹೆಚ್ಚೆಂದರೆ 2.23 ಗಿಗಾಹರ್ಟ್ಸ್ ತನಕ ಹೋಗುತ್ತದೆ. ಆದರೆ ಆ ಏರಿಳಿತ ಆಟ ಕೊಡುವ ಕೆಲಸದ ಮೇಲೆ ನಿಂತಿದೆ, ಕೋಣೆಯ ಬಿಸಿಯ ಮೇಲಲ್ಲ. ಎಲ್ಲ ಪಿಎಸ್5ಗಳೂ ಒಂದೇ ಆಟಕ್ಕೆ ಒಂದೇ ಥರ ನಡೆದುಕೊಳ್ಳಬೇಕು ಅನ್ನುವುದು ಅವರ ಉದ್ದೇಶ. ಸೀರೀಸ್ ಎಕ್ಸ್ ಇನ್ನೂ ಸರಳ, ಗ್ರಾಫಿಕ್ಸ್ ಭಾಗ 1.825 ಗಿಗಾಹರ್ಟ್ಸ್‌ಗೆ ಗಟ್ಟಿಯಾಗಿ ಕಟ್ಟಿಹಾಕಿದ್ದಾರೆ. ಬಿಸಿ ಜಾಸ್ತಿಯಾದರೆ ಕನ್ಸೋಲ್‌ನ ಫ್ಯಾನ್ ಗುಂಯ್‌ಗುಡುತ್ತದೆ. ತೀರಾ ಆಗದಿದ್ದರೆ ಎಚ್ಚರಿಕೆ ತೋರಿಸಿ ಬಂದ್ ಆಗುತ್ತದೆ. ಅಲ್ಲಿವರೆಗೆ ಲಂಡನ್‌ನಲ್ಲಿ ಎಷ್ಟು ಫ್ರೇಮ್ ಬಂತೋ ಸೇಡಂ ರಸ್ತೆಯ ಮನೆಯಲ್ಲೂ ಅಷ್ಟೇ ಬರುತ್ತದೆ.

ಲ್ಯಾಪ್‌ಟಾಪ್ ಹಾಗಲ್ಲ. ಚಿಪ್ ತನ್ನ ಮಿತಿ ಮುಟ್ಟಿದ ಕೂಡಲೇ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅಂಥ ಮಿತಿ ಪ್ರೊಸೆಸರ್‌ಗೆ 95, 100 ಡಿಗ್ರಿ, ಗ್ರಾಫಿಕ್ಸ್ ಚಿಪ್‌ಗೆ 87ರ ಆಸುಪಾಸು. ಫ್ಯಾನ್ ಮಾಡುವ ಕೆಲಸ ಸುತ್ತಲಿನ ಗಾಳಿಯನ್ನು ಒಳಗೆ ಎಳೆದು ಬಿಸಿಯನ್ನು ಹೊರಗೆ ತಳ್ಳುವುದು. ಎಳೆಯುವ ಗಾಳಿಯೇ 22 ಡಿಗ್ರಿ ಇದ್ದರೆ ಒಂದು ಲೆಕ್ಕ, 38 ಇದ್ದರೆ ಇನ್ನೊಂದು. ಆ 16 ಡಿಗ್ರಿ ನೇರವಾಗಿ ಚಿಪ್‌ನ ಮೇಲೆ ಬಂದು ಕೂರುತ್ತದೆ. ತಂಪು ಕೋಣೆಯಲ್ಲಿ 78ರಲ್ಲಿ ಹಾಯಾಗಿದ್ದ ಚಿಪ್ ಇಲ್ಲಿ ಮಿತಿ ದಾಟಬೇಕಾಗುತ್ತದೆ, ದಾಟೋಕೆ ಬಿಡುವುದಿಲ್ಲ, ವೇಗ ಇಳಿಯುತ್ತದೆ.

ನಮ್ಮಕ್ಕನ ಮಗ ಎಂಜಿನಿಯರಿಂಗ್ ಓದುತ್ತಾನೆ. ಕಳೆದ ಬೇಸಿಗೆಯಲ್ಲಿ ಅವನ ಲ್ಯಾಪ್‌ಟಾಪ್‌ನಲ್ಲಿ ಪರದೆ ಮೂಲೆಗೆ ಉಷ್ಣಾಂಶ, ಫ್ರೇಮ್ ರೇಟ್ ಎರಡನ್ನೂ ಹಾಕಿಕೊಂಡು ಕೂತಿದ್ದೆವು. ಶುರುವಿನಲ್ಲಿ ಎಲ್ಲ ವಿಡಿಯೋದಲ್ಲಿ ನೋಡಿದ ಹಾಗೇ ಇತ್ತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಉಷ್ಣಾಂಶದ ಅಂಕಿ ಒಂದು ಕಡೆ ನಿಂತುಬಿಟ್ಟಿತು. ಅದು ನಿಂತ ಮೇಲೆ ಫ್ರೇಮ್ ರೇಟ್ ಇಳಿಯೋಕೆ ಶುರುವಾಯಿತು. "ಮಾಮಾ, ಭಾಳ ಗರಂ ಆಗ್ಲತದ, ಬಂದ್ ಮಾಡ್ಲೇನು?" ಅಂದ. ಬೇಡ ಅಂದು ಕೂಲರ್‌ನ ಮುಂದೆ ಸ್ಟೂಲ್ ಹಾಕಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟೆವು, ಹಿಂದಿನ ಅಂಚಿನ ಕೆಳಗೆ ಎರಡು ಪುಸ್ತಕ ಕೊಟ್ಟು ಎತ್ತರ ಮಾಡಿ. ಅಂಕಿ ಮತ್ತೆ ಮೇಲೆ ಬಂತು. ನಮ್ಮ ಒಣ ಬಿಸಿಲಿಗೆ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಮಂಗಳೂರಿನಂಥ ಕಡಲ ತೀರದಲ್ಲಿ ಇದು ನಡೆಯುವುದಿಲ್ಲ. ಆದರೆ ಕೂಲರ್‌ನ ಗಾಳಿ ತೇವದ್ದು. ತೇವಕ್ಕೆ ಧೂಳು ಸೇರಿದರೆ ಫ್ಯಾನ್ ರೆಕ್ಕೆಯ ಮೇಲೆ ಕೆಸರಿನ ಹಾಗೆ ಕೂರುತ್ತದೆ. ದಿನಾ ಹೀಗೆ ಆಡೋದಾದರೆ ಆಗಾಗ ಬಿಚ್ಚಿಸಿ ಸ್ವಚ್ಛ ಮಾಡಿಸಬೇಕು.

ಕನ್ಸೋಲ್‌ಗೂ ಧೂಳೇ ವೈರಿ. ತೊಗರಿ ರಾಶಿಯ ಕಾಲದಲ್ಲಿ, ಅದೂ ದಾಲ್ ಮಿಲ್ ಹತ್ತಿರದ ಮನೆಯಾದರೆ, ಟಿವಿ ಮೇಲೆ ಬೆರಳಿಂದ ಹೆಸರು ಬರೆಯಬಹುದು. ಪಿಎಸ್5ನ ಪಕ್ಕದ ಹೊದಿಕೆ ತೆಗೆದರೆ ಧೂಳು ಹಿಡಿಯೋಕೆಂದೇ ಎರಡು ತೂತು ಇವೆ, ವ್ಯಾಕ್ಯೂಮ್‌ನಿಂದ ಎಳೆದರೆ ಸಾಕು. ಅದಕ್ಕಿಂತ ದೊಡ್ಡ ತೊಂದರೆ ಶೋಕೇಸ್‌ನದು. ದುಬಾರಿ ಸಾಮಾನು ಅಂತ ಮನೆಯವರು ಅದನ್ನು ಗಾಜಿನ ಬಾಗಿಲಿನ ಒಳಗೆ, ಗೊಂಬೆಗಳ ಪಕ್ಕ ಇಡುತ್ತಾರೆ. ಮೇಲೊಂದು ಕ್ರೋಶಾ ಬಟ್ಟೆ ಬೇರೆ. ಬಿಸಿ ಗಾಳಿ ಹಿಂದಿನಿಂದ ಹೊರಬಂದು ಅಲ್ಲೇ ಸುತ್ತಿ ಮತ್ತೆ ಒಳಗೆ ಹೋಗುತ್ತದೆ. ಹೊರಗೆ 33 ಇದ್ದರೂ ಶೋಕೇಸ್ ಒಳಗೆ ಮೇ ತಿಂಗಳೇ.

ಹೆಸರು ಒಂದೇ, ವ್ಯಾಟ್ ಬೇರೆ

ಲ್ಯಾಪ್‌ಟಾಪ್‌ನ ಇನ್ನೊಂದು ಗೋಜಲು ಬಿಸಿಲಿಗೆ ಸಂಬಂಧಿಸಿದ್ದಲ್ಲ, ಅದು ಅಂಗಡಿಯಲ್ಲೇ ಶುರುವಾಗುತ್ತದೆ. ಡಬ್ಬದ ಮೇಲೆ ಆರ್‌ಟಿಎಕ್ಸ್ 4060 ಅಂತ ಇರುತ್ತದೆ. ಎನ್‌ವಿಡಿಯಾ ಪ್ರಕಾರವೇ ಲ್ಯಾಪ್‌ಟಾಪ್‌ನ 4060 ಅನ್ನು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಯಾವುದಕ್ಕೆ ಬೇಕಾದರೂ ಹೊಂದಿಸಬಹುದು. ತೆಳ್ಳಗಿನ ಲ್ಯಾಪ್‌ಟಾಪ್‌ನಲ್ಲಿ ಕಡಿಮೆ ವ್ಯಾಟ್, ದಪ್ಪದ್ದರಲ್ಲಿ ಜಾಸ್ತಿ. ಹೋಲಿಕೆ ವಿಡಿಯೋದಲ್ಲಿ ಇರುವುದು ಹೆಚ್ಚಾಗಿ ಪೂರ್ತಿ ವ್ಯಾಟ್‌ನದು, ಇಲ್ಲವೇ ಡೆಸ್ಕ್‌ಟಾಪ್ ಕಾರ್ಡ್. ನೀವು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಿಂದ ತಂದದ್ದು ಅದೇ ಹೆಸರಿನ ಅರ್ಧ ವ್ಯಾಟ್‌ನದು ಇರಬಹುದು. ಅಂಗಡಿಯವರಿಗೆ "ಟಿಜಿಪಿ ಎಷ್ಟ್ರೀ?" ಅಂತ ಕೇಳಿ. ಗ್ರಾಫಿಕ್ಸ್‌ಗೆ ಸಿಗುವ ಈ ವ್ಯಾಟ್‌ಗೇ ಟಿಜಿಪಿ ಅನ್ನುತ್ತಾರೆ. ಅವರಿಗೆ ಗೊತ್ತಿಲ್ಲದಿದ್ದರೆ ಮಾಡೆಲ್ ನಂಬರ್ ತಗೊಂಡು ಕಂಪನಿಯ ಪುಟದಲ್ಲಿ ನೋಡಿ.

ಮೆಮೊರಿಯೂ ನೋಡಬೇಕು. ಲ್ಯಾಪ್‌ಟಾಪ್ 4050ಕ್ಕೆ 6 ಜಿಬಿ, 4060ಕ್ಕೆ 8 ಜಿಬಿ ಗ್ರಾಫಿಕ್ಸ್ ಮೆಮೊರಿ. ಪಿಎಸ್5ನಲ್ಲಿ ಒಟ್ಟು 16 ಜಿಬಿ, ಪ್ರೊಸೆಸರ್‌ಗೂ ಗ್ರಾಫಿಕ್ಸ್‌ಗೂ ಸೇರಿ. ಕನ್ಸೋಲ್‌ಗೆ ಹೊಲಿದ ಆಟವನ್ನು 6 ಜಿಬಿಗೆ ತುರುಕಿದಾಗ ಗೋಡೆಯ ಮೇಲಿನ ಪೋಸ್ಟರ್ ಮಸುಕಾಗುವುದು, ಇದ್ದಕ್ಕಿದ್ದಂತೆ ಆಟ ತಡವರಿಸುವುದು ಇದಕ್ಕೇ. ಕಡಿಮೆ ಮೆಮೊರಿಯ ತೊಂದರೆ ಕನ್ಸೋಲ್‌ನಲ್ಲೂ ಇದೆ. ಸೀರೀಸ್ ಎಸ್‌ನಲ್ಲಿರುವುದು 10 ಜಿಬಿ. ಬಾಲ್ಡರ್ಸ್ ಗೇಟ್ 3 ಪಿಸಿಗೆ ಬಂದದ್ದು 2023ರ ಆಗಸ್ಟ್, ಎಕ್ಸ್‌ಬಾಕ್ಸ್‌ಗೆ ಬಂದದ್ದು ಡಿಸೆಂಬರ್. ಒಂದೇ ಟಿವಿಯಲ್ಲಿ ಇಬ್ಬರು ಆಡುವ ಸೌಲಭ್ಯವನ್ನು ಸೀರೀಸ್ ಎಸ್‌ನಲ್ಲಿ ಕೂರಿಸೋಕೆ ಆಗದೆ, ಕೊನೆಗೆ ಅದರಲ್ಲಿ ಆ ಸೌಲಭ್ಯ ಬಿಟ್ಟೇ ಬಿಡುಗಡೆ ಮಾಡಿದರು.

ಟಿವಿ ಮತ್ತು ಕರೆಂಟ್

ಟಿವಿ ಬಗ್ಗೆ ಒಂದು ಲೆಕ್ಕ. 43 ಇಂಚಿನ ಪರದೆ ಸುಮಾರು 95 ಸೆಂಟಿಮೀಟರ್ ಅಗಲ. 1080ಪಿ ಚಿತ್ರದಲ್ಲಿ ಒಂದು ಪಿಕ್ಸೆಲ್ ಅರ್ಧ ಮಿಲಿಮೀಟರ್. ಸರಿಯಾದ ದೃಷ್ಟಿ ಇರುವವರಿಗೂ ಆರು ಅಡಿ ದಾಟಿದರೆ ಅದು ಬಿಡಿಯಾಗಿ ಕಾಣುವುದಿಲ್ಲ. ಹಾಲ್‌ನಲ್ಲಿ ಒಂಬತ್ತು ಹತ್ತು ಅಡಿ ದೂರದ ದಿವಾನ್ ಮೇಲೆ ಕೂತು ಆಡುವವರು 1440ಪಿ ಒಳ್ಳೆಯದೋ 4ಕೆ ಒಳ್ಳೆಯದೋ ಅಂತ ಜಗಳವಾಡುವುದು ವ್ಯರ್ಥ. ಆ ದೂರದಿಂದ ಕಾಣುವುದು ಬೆಳಕು, ಬಣ್ಣ, ಚಲನೆ. ಹಾಗಾಗಿ ಕ್ವಾಲಿಟಿ ಮೋಡ್ ಬಿಟ್ಟು ಪರ್ಫಾರ್ಮೆನ್ಸ್ ಮೋಡ್‌ಗೆ ಹೋಗಿ. ಪಿಸಿಯವರು ಮಾನಿಟರ್‌ಗೆ ಎರಡು ಅಡಿ ದೂರದಲ್ಲಿ ಕೂತಿರುತ್ತಾರೆ, ಅವರಿಗೆ ಪ್ರತಿ ಹುಳುಕೂ ಕಾಣುತ್ತದೆ. ಎರಡೂ ಗುಂಪಿನವರು ತಮ್ಮ ತಮ್ಮ ಕುರ್ಚಿಯಿಂದ ಸರಿಯಾಗೇ ಮಾತಾಡುತ್ತಾರೆ.

ಟಿವಿಯಲ್ಲಿ ಗೇಮ್ ಮೋಡ್ ಹಾಕದೆ ಆಡುವವರನ್ನು ಇನ್ನೂ ನೋಡುತ್ತೇನೆ. ಚಿತ್ರವನ್ನು ಚೆಂದ ಮಾಡೋಕೆ ಹೋಗಿ ಟಿವಿ ಪ್ರತಿ ಫ್ರೇಮನ್ನೂ ತಡೆಹಿಡಿಯುತ್ತದೆ. ಕೆಲವು ಟಿವಿಗಳಲ್ಲಿ ಈ ತಡ ನೂರು ಮಿಲಿಸೆಕೆಂಡ್ ಮುಟ್ಟುತ್ತದೆ. 60 ಫ್ರೇಮ್‌ನಿಂದ ಉಳಿಸಿದ್ದು 16 ಮಿಲಿಸೆಕೆಂಡ್, ಟಿವಿ ನುಂಗಿದ್ದು 100. ರಿಮೋಟ್‌ನಲ್ಲಿ ಒಂದು ಬಟನ್ ಒತ್ತಿದರೆ ಮುಗಿಯುವ ಕೆಲಸ.

ಕರೆಂಟ್ ಹೋದಾಗ ಲ್ಯಾಪ್‌ಟಾಪ್‌ನವರು ಗೆದ್ದೆವು ಅಂತ ನಗುತ್ತಾರೆ. ನಗಲಿ. ಬ್ಯಾಟರಿಗೆ ಇಳಿದ ಕೂಡಲೇ ಗ್ರಾಫಿಕ್ಸ್ ಚಿಪ್‌ಗೆ ಸಿಗುವ ವ್ಯಾಟ್ ಕುಸಿಯುತ್ತದೆ, ಭಾರದ ಆಟ ಆಡುವ ಹಾಗೇ ಇರುವುದಿಲ್ಲ. ಆದರೆ ಸೇವ್ ಮಾಡಿ ಹೊರಬರೋಕಂತೂ ಸಮಯ ಸಿಗುತ್ತದೆ. ಪಿಎಸ್5 ಆಟದ ಮಧ್ಯೆ ಸುಮಾರು 200 ವ್ಯಾಟ್ ಎಳೆಯುತ್ತದೆ, ಟಿವಿ ಸೇರಿದರೂ ಮನೆಯ ಇನ್ವರ್ಟರ್‌ಗೆ ಅದು ಭಾರವಲ್ಲ. ತೊಂದರೆ ಬದಲಾಗುವ ಆ ಒಂದು ಕ್ಷಣದ್ದು. ಫ್ಯಾನ್, ಲೈಟ್‌ಗೆ ಅದು ಗೊತ್ತೇ ಆಗುವುದಿಲ್ಲ. ಕನ್ಸೋಲ್ ಮಾತ್ರ ಆಫ್ ಆಗಿ, ಮುಂದಿನ ಸಲ ಹಾಕಿದಾಗ ಸರಿಯಾಗಿ ಬಂದ್ ಮಾಡಿಲ್ಲ ಅಂತ ಬೈಯುತ್ತದೆ. ಇನ್ವರ್ಟರ್ ಹಿಂದಿನ ಸ್ವಿಚ್ ಅನ್ನು ಯುಪಿಎಸ್ ಮೋಡ್‌ಗೆ ಹಾಕಿದರೆ ಬದಲಾವಣೆ ಬೇಗ ಆಗುತ್ತದೆ, ಹೆಚ್ಚಿನ ಸಲ ಕನ್ಸೋಲ್ ಉಳಿದುಕೊಳ್ಳುತ್ತದೆ.

ಹಾಗಾದರೆ ಯಾವುದು ತಗೊಳ್ಳಬೇಕು? ಬರೀ ಆಟಕ್ಕಾದರೆ, ಮನೆಯಲ್ಲಿ ಎಸಿ ಇಲ್ಲವಾದರೆ, ನಾನು ಕನ್ಸೋಲ್ ಅನ್ನುತ್ತೇನೆ. ವಿಡಿಯೋದಲ್ಲಿ ನೋಡಿದ ಅಂಕಿ ನಮ್ಮ ಊರಿಗೆ ಹಾಗೇ ಬರುವುದು ಅದರಲ್ಲಿ. ಡಿಸ್ಕ್ ಇರುವ ಮಾಡೆಲ್ ತಗೊಂಡರೆ 4,999 ರೂಪಾಯಿ ಕೊಟ್ಟು ತಂದ ಆಟವನ್ನು ಮುಗಿಸಿ ಇನ್ನೊಬ್ಬರಿಗೆ ಮಾರಬಹುದು, ಇದು ಪಿಸಿಯಲ್ಲಿ ಆಗದ ಮಾತು. ಸೈಬರ್‌ಪಂಕ್‌ನ ಪಾತ್ ಟ್ರೇಸಿಂಗ್ ಬೇಕು, ಎಷ್ಟು ಖರ್ಚಾದರೂ ಸರಿ ಅನ್ನುವವರಿಗೆ ಕನ್ಸೋಲ್ ಸಾಲುವುದಿಲ್ಲ. ಪಿಎಸ್5 ಪ್ರೋ ಇದೆಯಲ್ಲ ಅಂದರೆ, 2024ರ ನವೆಂಬರ್‌ನಲ್ಲಿ ಅದು ಬಿಡುಗಡೆಯಾದಾಗ ಭಾರತ ಪಟ್ಟಿಯಲ್ಲೇ ಇರಲಿಲ್ಲ. ಅದರ ವೈಫೈ ಬಳಸುವ 6 ಗಿಗಾಹರ್ಟ್ಸ್ ತರಂಗಗಳಿಗೆ ಆಗ ಇಲ್ಲಿ ಅನುಮತಿ ಇರಲಿಲ್ಲ.

ಓದಿಗೂ ಬೇಕು, ಆಟಕ್ಕೂ ಬೇಕು ಅನ್ನುವ ಮನೆಗಳಲ್ಲಿ ಲ್ಯಾಪ್‌ಟಾಪ್ ಗೆಲ್ಲುತ್ತದೆ, ಅಪ್ಪಂದಿರನ್ನು ಒಪ್ಪಿಸೋಕೂ ಅದೇ ಸುಲಭ. ಹಾಗಿದ್ದರೆ ತೆಳ್ಳಗಿನದ್ದು ಬೇಡ, ದಪ್ಪದ್ದು ನೋಡಿ. ಫ್ರೇಮ್ ರೇಟ್ ಅನ್ನು 60ಕ್ಕೆ ಕಟ್ಟಿಹಾಕಿ, ಚಿಪ್ ಸುಮ್ನೆ 90, 100 ಅಂತ ಓಡಿ ಬಿಸಿಯಾಗುವುದು ತಪ್ಪುತ್ತದೆ. ಸೆಟ್ಟಿಂಗ್‌ನಲ್ಲಿ ಅಲ್ಟ್ರಾ ಬಿಟ್ಟು ಒಂದೆರಡು ಹೆಜ್ಜೆ ಕೆಳಗಿಳಿಸಿ. ಕನ್ಸೋಲ್ ಆವೃತ್ತಿಗಳೂ ಪಿಸಿಯ ಅಲ್ಟ್ರಾದಲ್ಲಿ ಓಡುವುದು ಅಪರೂಪ, ಅವು ಮೀಡಿಯಂ, ಹೈ ಕಲಸಿಕೊಂಡೇ ಇರುತ್ತವೆ. ಕೆಲವು ಕಡೆ ಲೋ ಕೂಡ.

ಡೆಸ್ಕ್‌ಟಾಪ್ ಕಟ್ಟಿಸಿದರೆ ಬಿಸಿಯ ತೊಂದರೆ ಬಹಳ ಮಟ್ಟಿಗೆ ಕಡಿಮೆ. ದೊಡ್ಡ ಕೇಸ್, ದೊಡ್ಡ ಫ್ಯಾನ್, ಗಾಳಿಗೆ ಜಾಗ. ಬೀದರಿನವರು ಬಿಡಿಭಾಗಕ್ಕೆ ಸಿಕಂದರಾಬಾದಿನ ಸಿಟಿಸಿ ಅನ್ನುವ ಕಂಪ್ಯೂಟರ್ ಪೇಟೆಗೆ ಹೋಗಿಬರುತ್ತಾರೆ, ಕಲಬುರಗಿಯವರೂ ಬೆಂಗಳೂರಿನ ಎಸ್‌ಪಿ ರೋಡಿಗಿಂತ ಅಲ್ಲಿಗೇ ಜಾಸ್ತಿ ಹೋಗುತ್ತಾರೆ, ಹತ್ತಿರ ಅಂತ. ಆದರೆ ಕಾರ್ಡ್ ಕೆಟ್ಟರೆ ವಾರಂಟಿಗೆ ಮತ್ತೆ ಅದೇ ಬಸ್ಸು. ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿಕೊಂಡೇ ಅಂಗಡಿಯಿಂದ ಇಳಿಯಿರಿ, ಡಬ್ಬವನ್ನೂ ಎಸೆಯಬೇಡಿ.